ನರೆಗೂದಲಿಗೆ ಹಚ್ಚಿದ ಬಣ್ಣ

ಅರವತ್ತು ದಾಟಿದ ಗಂಡಸು ಕನ್ನಡಿಯ ಮುಂದೆ ನಿಂತು ತಲೆಗೆ ಬಣ್ಣ ಹಚ್ಚಿಕೊಂಡ ಕಥೆಯನ್ನು ಹತ್ತು ಜನರೆದುರಿಗೆ ಹೇಳುವುದು ಸುಲಭವಲ್ಲ. ಆ ಬಣ್ಣ ಕೆಟ್ಟ ಕಥೆಯನ್ನು ಹೇಳುವುದಂತೂ ಇನ್ನೂ ಕಷ್ಟ. ಆದರೂ ಹೇಳಹೊರಟಿದ್ದೇನೆ. ಏಕೆಂದರೆ ನಾನು ಪಟ್ಟ ಪಾಡಿನಲ್ಲಿ ಅರ್ಧದಷ್ಟು ಮಾತ್ರ ಬಣ್ಣದಿಂದ ಬಂದುದು. ಉಳಿದರ್ಧ, ಬಣ್ಣ ಕೆಟ್ಟಿತೆಂದು ತಿಳಿದ ಮೇಲೆ ಗಾಬರಿಯಲ್ಲಿ ನಾನೇ ಮಾಡಿಕೊಂಡ ಉಪಚಾರದಿಂದ ಬಂದುದು.

ನಾನು ಗೋಕಾಕದವನು. ಅಕ್ಕನ ಮನೆ ಮೂಡಲಗಿಯಲ್ಲಿ. ಅವಳ ಮೊಮ್ಮಗಳನ್ನು ಹುಕ್ಕೇರಿಗೆ ಕೊಡುವುದೆಂದು ನಿಶ್ಚಯವಾಗಿ, ಮದುವೆ ಬೀಗರ ಊರಿನಲ್ಲಿಯೇ ನಡೆಯಬೇಕಾಗಿತ್ತು. ನಿಶ್ಚಿತಾರ್ಥದ ದಿನ ಬೀಗರ ಕಡೆಯ ಹಿರಿಯರೊಬ್ಬರು ನನಗಿಂತ ಎರಡು ವರ್ಷ ದೊಡ್ಡವರಾಗಿದ್ದೂ ಕಾಗೆಯ ರೆಕ್ಕೆಯಂಥ ತಲೆಗೂದಲಿನೊಡನೆ ಬಂದು ಕುಳಿತಿದ್ದರು. ನನ್ನ ತಲೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದುದೇ ಸಾಕಾಯಿತು. ಕಾಳಿದಾಸನ ರಘುವಂಶದಲ್ಲಿ ದಶರಥನ ಮುಪ್ಪು ನರೆಗೂದಲಿನ ವೇಷದಲ್ಲಿ ಅವನ ಕಿವಿಯ ಬುಡಕ್ಕೆ ಬಂದು, ರಾಜ್ಯವನ್ನು ಮಗನಿಗೆ ಒಪ್ಪಿಸೆಂದು ಪಿಸುಗುಡುತ್ತದೆ. ಮಖಾದೇವ ಜಾತಕದ ಅರಸನು ಒಂದೇ ಒಂದು ನರೆಗೂದಲನ್ನು ಕಂಡು ಸಿಂಹಾಸನವನ್ನೇ ತೊರೆದ. ನನಗೆ ತೊರೆಯಲು ಸಿಂಹಾಸನವಿರಲಿಲ್ಲ. ಅಂಗಡಿಗೆ ಹೋಗಿ ಒಂದು ಪೊಟ್ಟಣ ತಂದೆ.

ಪೊಟ್ಟಣದ ಮೇಲೆ ಮದರಂಗಿಯೆಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು; ಎಲೆಯ ಚಿತ್ರವೂ ಇತ್ತು. ಹಿಂದೆಯೂ ಎರಡು ಸಲ ಅಂಥದನ್ನೇ ಹಚ್ಚಿಕೊಂಡು ಏನೂ ಆಗಿರಲಿಲ್ಲವಾದ್ದರಿಂದ ಸಂಶಯಪಡುವ ಕಾರಣವೂ ಇರಲಿಲ್ಲ. ಮದುವೆಗೆ ಮೂರು ದಿನವಿರುವಾಗ, ಸಂಜೆ ಹಚ್ಚಿಕೊಂಡೆ. ಅರ್ಧ ಗಂಟೆಯಲ್ಲಿ ತಲೆ ಕಡುಗಪ್ಪಾಯಿತು. ಆದರೆ ಹಣೆಯ ಅಂಚು, ಕಿವಿಯ ತುದಿ, ಕುತ್ತಿಗೆಯ ಹಿಂಭಾಗಗಳೂ ಕಪ್ಪಾದವು. ಮನೆಯಾಕೆ ನೋಡಿ, "ಏನ್ರೀ ಇದು, ಮಸಿ ಪಾತ್ರಿಗತೆ ಆಗೇತಿ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಲಿಂಬೆಹಣ್ಣು ಹಿಂಡಿ, ಅಡುಗೆ ಸೋಡಾ ಬೆರೆಸಿ, ಹಣೆಯನ್ನು ತಿಕ್ಕಿದೆ. ಸಾಲದೆಂದು ಅರಿವೆ ಒಗೆಯುವ ಸಾಬೂನು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದೆ. ಕಲೆ ಅರ್ಧ ಹೋಯಿತು. ಅದರ ಜೊತೆಗೆ ಚರ್ಮವೂ ಅರ್ಧ ಹೋಯಿತು.

ಮರುದಿನ ನೆತ್ತಿಯಲ್ಲಿ ನವೆ. ರಾತ್ರಿಯ ಹೊತ್ತಿಗೆ ಉರಿ. ಎರಡನೆಯ ದಿನ ಬೆಳಿಗ್ಗೆ ಎಚ್ಚರವಾದಾಗ ಎಡಗಣ್ಣು ತೆರೆಯಲೊಲ್ಲದು. ಹಣೆ, ಕಣ್ರೆಪ್ಪೆ, ಕಿವಿಗಳು ಬಾತುಕೊಂಡು, ಕೂದಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ನೀರು ಒಸರುತ್ತಿತ್ತು. ಮೊಮ್ಮಗ ಬಾಗಿಲಲ್ಲಿ ನಿಂತು ನೋಡಿ, "ಅಜ್ಜಾ, ನಿನ್ನ ಮಾರಿ ಯಾರದೋ ಆಗೇತಿ" ಎಂದ. ಆಗ ವೈದ್ಯರ ಬಳಿಗೆ ಹೋದೆ.

ವೈದ್ಯರು ನೋಡಿದವರೇ ಮೊದಲು ಕೇಳಿದ್ದು, ಉಸಿರಾಟಕ್ಕೆ ತೊಂದರೆಯಿದೆಯೇ, ನಾಲಿಗೆ-ತುಟಿಗಳು ಬಾತಿವೆಯೇ, ನುಂಗಲು ಕಷ್ಟವಾಗುತ್ತದೆಯೇ ಎಂದು. ಇಲ್ಲವೆಂದ ಮೇಲೆ ಅವರ ಮುಖ ಸಡಿಲಾಯಿತು. ಆಮೇಲೆ ಕೇಳಿದರು:

"ಇದಕ್ಕೂ ಮೊದಲ ಎಷ್ಟ ಸಲ ಹಚ್ಚಿದ್ರಿ, ಸರ?"

"ಎರಡ ಸಲ. ಆವಾಗ ಏನೂ ಆಗಿಲ್ಲರಿ."

"ಅದಕ್ಕ ಆಗೇತಿ. ಎರಡ ಸಲದಾಗ ಮೈ ಅದರ ಗುರ್ತ ಹಿಡೀತು. ಮೂರನೇ ಸಲ ಬಡೀತು."

ಈ ಮಾತಿನ ಅರ್ಥವನ್ನು ಅವರು ಬಿಡಿಸಿ ಹೇಳಿದರು; ಅನಂತರ ನಾನೂ ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ವಿವರಿಸಬೇಕಾಗಿದೆ.

ನಮ್ಮ ಗೋಕಾಕದ ಮರದ ಆಟಿಕೆಗಳನ್ನು ನೀವು ನೋಡಿರಬಹುದು. ಕಟ್ಟಿಗೆಯಲ್ಲಿ ಕೆತ್ತಿದ ಬಾಳೆ, ಮಾವು, ಪೇರಲಗಳಿಗೆ ಮೇಲಿನಿಂದ ಬಣ್ಣ ಬಳಿಯುತ್ತಾರೆ. ಬಣ್ಣವನ್ನು ಕೆರೆದರೆ ಒಳಗಿನ ಕಟ್ಟಿಗೆ ಕಾಣುತ್ತದೆ. ತಲೆಗೆ ಹಚ್ಚುವ ಬಣ್ಣವನ್ನೂ ನಾವು ಇದೇ ರೀತಿಯದೆಂದು ಭಾವಿಸುತ್ತೇವೆ; ಆದುದರಿಂದಲೇ ಕೆಟ್ಟಾಗ ಕೆರೆಯಲು ಹೋಗುತ್ತೇವೆ. ಆದರೆ ಅದು ನೂಲಿಗೆ ಬಣ್ಣ ಹಾಕುವುದಕ್ಕೆ ಹೆಚ್ಚು ಹತ್ತಿರದ ಕೆಲಸ. ನೂಲಿನ ಬಣ್ಣ ಎಳೆಯ ಒಳಹೊಕ್ಕು ಕೂಡುತ್ತದೆ. ಕೂದಲೂ ಹಾಗೆಯೇ. ಕೂದಲೆಂಬುದು ಕೆರಟಿನ್ ಎಂಬ ಪ್ರೋಟೀನಿನ ಎಳೆ. ಅದರ ಹೊರಮೈಯಲ್ಲಿ ಮನೆಯ ಹಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಹುರುಪೆಗಳಿವೆ. ಅಂಗಡಿಯ ಬಣ್ಣದಲ್ಲಿರುವ ಕ್ಷಾರವು ಈ ಹಂಚುಗಳನ್ನು ಮೇಲೆತ್ತುತ್ತದೆ. ಪ್ಯಾರಾ-ಫಿನಿಲೀನ್‌ಡಯಮೀನ್ ಎಂಬ, ಪಿಪಿಡಿ ಎಂದು ಚಿಕ್ಕದಾಗಿ ಕರೆಯುವ ವಸ್ತು ಆ ಸಂದಿನಿಂದ ಒಳನುಗ್ಗುತ್ತದೆ. ಸೋಜಿಗವೆಂದರೆ, ಒಳಹೋಗುವಾಗ ಅದಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ. ಒಳಗೆ ಹೈಡ್ರೋಜನ್ ಪೆರಾಕ್ಸೈಡಿನಿಂದ ಉತ್ಕರ್ಷಣ ಹೊಂದಿ, ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ದೊಡ್ಡ ಅಣುಗಳಾದಾಗ ಮಾತ್ರ ಬಣ್ಣ ಹುಟ್ಟುತ್ತದೆ. ಹಾಗೆ ದೊಡ್ಡದಾದ ಅಣು ಬಂದ ದಾರಿಯಿಂದ ಹೊರಗೆ ಹೋಗಲಾರದು. ಸಣ್ಣವನಾಗಿ ಕಿಟಕಿಯಿಂದ ನುಸುಳಿ ಒಳಗೆ ಬಂದು, ಉಂಡು ದಪ್ಪವಾಗಿ ಸಿಕ್ಕಿಕೊಂಡ ಕಳ್ಳನ ಕಥೆಯಿದು. ಸೀಗೆಕಾಯಿಗೂ ಸಾಬೂನಿಗೂ ಈ ಬಣ್ಣ ಬಗ್ಗದಿರುವುದಕ್ಕೆ ಇದೇ ಕಾರಣ.

ಕೂದಲೊಳಗೆ ನುಸುಳಬಲ್ಲಷ್ಟು ಸಣ್ಣದಾದ ಅಣು ಚರ್ಮದೊಳಗೂ ನುಸುಳಬಲ್ಲದು. ಎಲ್ಲ ತೊಡಕೂ ಇಲ್ಲಿಂದ ಹುಟ್ಟುತ್ತದೆ. ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದಕ್ಕೆ ನೋವಿಲ್ಲ, ರಕ್ತವಿಲ್ಲ, ಗಾಯ ಮಾಯುವ ಶಕ್ತಿಯೂ ಇಲ್ಲ. ಚರ್ಮಕ್ಕೆ ಜೀವವಿದೆ, ನೆನಪೂ ಇದೆ. ಚರ್ಮದೊಳಗೆ ಹೊಕ್ಕ ಪಿಪಿಡಿ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡಾಗ, ಕೆಲವರ ಮೈಯ ರಕ್ಷಣಾಕಣಗಳು ಅದನ್ನು ಹೊರಗಿನ ಶತ್ರುವೆಂದು ಗುರುತಿಸಿಟ್ಟುಕೊಳ್ಳುತ್ತವೆ. ಗುರುತಿಸಿಕೊಳ್ಳುವ ಕಾಲದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಮತ್ತೆ ಹಚ್ಚಿದಾಗ ಒಂದೆರಡು ದಿನಗಳಲ್ಲಿ ಅವು ದಂಡೆತ್ತಿ ಬರುತ್ತವೆ. ಹಲವು ಸಲ ಹಚ್ಚಿದಾಗ ಏನೂ ಆಗಲಿಲ್ಲವೆಂಬುದು ಮುಂದಿನ ಸಲಕ್ಕೆ ಭರವಸೆಯಲ್ಲ. ಒಮ್ಮೆ ಮೂಡಿದ ಈ ವೈರ ಸಾಮಾನ್ಯವಾಗಿ ಜೀವಮಾನವೆಲ್ಲ ಉಳಿಯುತ್ತದೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2006ರಲ್ಲಿ ಇದೇ ಪಿಪಿಡಿಯನ್ನು ಆ ವರ್ಷದ ಮುಖ್ಯ ಅಲರ್ಜಿಕಾರಕವೆಂದು ಹೆಸರಿಸಿತು.

ಹೀಗಾಗಿ, ಬಣ್ಣ ಕೆಟ್ಟಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕೆಟ್ಟಿರುವುದು ಕೂದಲೋ ಚರ್ಮವೋ ಎಂಬುದು. ಕೂದಲಾದರೆ ತಡೆದುಕೊಳ್ಳಬಹುದು, ಒಂದು ವಾರ, ಒಂದು ತಿಂಗಳು ಕಾಯಬಹುದು. ಚರ್ಮವಾದರೆ ಒಂದು ಗಳಿಗೆಯೂ ಕಾಯಬಾರದು. ನಾನು ಮಾಡಿದ್ದು ಇದಕ್ಕೆ ತಿರುವುಮುರುವು. ಕಲೆಯನ್ನು ತೆಗೆಯಲು ಅವಸರಪಟ್ಟೆ, ನವೆಯನ್ನು ಎರಡು ದಿನ ಸಹಿಸಿದೆ.

ನನಗೆ ವೈದ್ಯರು ಹೇಳಿದ ಉಪಚಾರ ಇಷ್ಟೇ. ಬಣ್ಣ ತಲೆಯ ಮೇಲಿರುವಾಗಲೇ ಉರಿ ಅಥವಾ ನವೆ ತೋರಿದರೆ, ಹೇಳಿದ ಹೊತ್ತು ಮುಗಿಯಲೆಂದು ಕಾಯದೆ ಆಗಲೇ ತೊಳೆಯಬೇಕು. ಮೆದುವಾದ ಶಾಂಪೂ, ಧಾರಾಳವಾದ ನೀರು. ಬಿಸಿನೀರು ಬೇಡ. ಲಿಂಬೆ, ಸೋಡಾ, ಸುಣ್ಣ, ಅರಿಶಿನ ಯಾವುದೂ ಬೇಡ. ಕೆರೆದ ಚರ್ಮದ ಮೇಲೆ ಅವು ಗಾಯಕ್ಕೆ ಉಪ್ಪು ಸವರಿದಂತೆ. ತಣ್ಣೀರಿನಲ್ಲಿ ಅದ್ದಿದ ಸ್ವಚ್ಛ ಅರಿವೆಯನ್ನು ಇಡಬಹುದು. ನವೆಗೆ ಮಾತ್ರೆ, ಬಾವಿಗೆ ಸ್ಟೀರಾಯ್ಡ್ ಔಷಧಿ ಬೇಕಾಗಬಹುದು. ಎಷ್ಟು, ಎಷ್ಟು ದಿನ ಎಂಬುದು ವೈದ್ಯರಿಗೆ ಬಿಟ್ಟದ್ದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಮುಖಕ್ಕೆ ಮೆತ್ತಿಕೊಳ್ಳುವುದಲ್ಲ. ಕಣ್ಣಿಗೆ ಬಣ್ಣ ಬಿದ್ದರೆ ಹದಿನೈದು ನಿಮಿಷ ಎಡೆಬಿಡದೆ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ತುಟಿ, ನಾಲಿಗೆ, ಗಂಟಲು ಬಾತರೆ, ಉಸಿರು ಸಿಕ್ಕಿಕೊಂಡಂತಾದರೆ, ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಪೊಟ್ಟಣವನ್ನು ಮರೆಯದೆ ಒಯ್ಯಬೇಕು.

ನನ್ನ ಪೊಟ್ಟಣವನ್ನು ವೈದ್ಯರು ಬೆಳಕಿಗೆ ಹಿಡಿದು, ಕನ್ನಡಕ ಸರಿಪಡಿಸಿಕೊಂಡು ಓದಿದರು. ಮದರಂಗಿಯ ಹೆಸರಿನ ಕೆಳಗೆ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಪಿಪಿಡಿಯ ಉದ್ದನೆಯ ಹೆಸರು ಇತ್ತು. ನಮ್ಮ ದೇಶದ ನಿಯಮಗಳ ಪ್ರಕಾರ ಇಂಥ ಬಣ್ಣದ ಪೊಟ್ಟಣದ ಮೇಲೆ, ಇದು ಕೆಲವರ ಚರ್ಮಕ್ಕೆ ತೊಂದರೆ ಕೊಡಬಹುದು, ಮೊದಲು ಪರೀಕ್ಷಿಸಿ ನೋಡಿ, ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ ಎಂಬ ಎಚ್ಚರಿಕೆಯಿರಬೇಕು. ಅದು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆ ಪೊಟ್ಟಣದಲ್ಲಿ ಕನ್ನಡವನ್ನು ಹುಡುಕುವ ಮನಸ್ಸು ನನಗೆ ಆ ದಿನದವರೆಗೆ ಬಂದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಈ ಬಣ್ಣಗಳ ವಂಶಾವಳಿ ಒಂದು ಕಥೆಯಂತಿದೆ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಹೆನ್ರಿ ಪರ್ಕಿನ್, ಮಲೇರಿಯಾಕ್ಕೆ ಬೇಕಾದ ಕ್ವಿನೈನನ್ನು ಕಲ್ಲಿದ್ದಲ ಡಾಂಬರಿನಿಂದ ಬಂದ ವಸ್ತುಗಳಲ್ಲಿ ತಯಾರಿಸಹೋಗಿ, ನೇರಳೆ ಬಣ್ಣವನ್ನು ಪಡೆದ. ಅಲ್ಲಿಂದ ಡಾಂಬರಿನ ಬಣ್ಣಗಳ ಯುಗ ತೆರೆಯಿತು. 1907ರಲ್ಲಿ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶುಲರ್ ಕೂದಲಿಗೆ ಹಚ್ಚುವ ಕೃತಕ ಬಣ್ಣವನ್ನು ತಯಾರಿಸಿ, ಎರಡು ವರ್ಷಗಳ ಮೇಲೆ ಕಂಪನಿಯೊಂದನ್ನು ಸ್ಥಾಪಿಸಿದ. ಇಂದಿನ ಲೊರಿಯಾಲ್ ಅದರಿಂದ ಬೆಳೆದುದೇ. ಆ ಕಂಪನಿಯ ಮೊದಲ ಹೆಸರಿನಲ್ಲಿ ನಿರಪಾಯಕಾರಿ ಎಂಬ ವಿಶೇಷಣವಿತ್ತು. ಬಣ್ಣ ಮಾರುವವನು ಹೆಸರಿನಲ್ಲಿಯೇ ಅಭಯ ಕೊಡಬೇಕಾಗಿತ್ತೆಂದರೆ, ಕೊಳ್ಳುವವರಲ್ಲಿ ಆಗಲೂ ಭಯವಿತ್ತೆಂದೇ ನಾನು ತಿಳಿಯುತ್ತೇನೆ.

ಔಷಧಿಯಿಂದ ಬಾವು ಇಳಿಯತೊಡಗಿತು. ಮದುವೆಯ ಹಿಂದಿನ ದಿನ ತಲೆಗೆ ಸಡಿಲಾಗಿ ರುಮಾಲು ಸುತ್ತಿಕೊಂಡು, ದಿಬ್ಬಣದ ಜೊತೆಗೂಡಲು ಮೂಡಲಗಿಗೆ ಹೋದೆ. ಅಲ್ಲಿ ಅಕ್ಕ ಕೋಣೆಯಿಂದ ಹೊರಗೆ ಬರಲೊಲ್ಲಳು. ಒಳಗೆ ಹೋಗಿ ನೋಡಿದರೆ, ಅವಳೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುಳಿತಿದ್ದಳು.

"ತಮ್ಮಾ, ನಗಬ್ಯಾಡ. ನಾ ಮುತ್ತಲ ಹೂವಾಗೇನಿ ನೋಡು" ಎಂದು ಸೆರಗು ಸರಿಸಿದಳು. ಬೆಳ್ಳಗಿದ್ದ ತಲೆ ಕಿತ್ತಳೆಯ ಬಣ್ಣಕ್ಕೆ ತಿರುಗಿತ್ತು. ನಾನು ರುಮಾಲು ತೆಗೆದು ತೋರಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಅಕ್ಕ ಹಚ್ಚಿದ್ದು ಹಿತ್ತಲಿನ ಗಿಡದ ನಿಜವಾದ ಮದರಂಗಿ. ಅದರ ಎಲೆಯಲ್ಲಿ ಲಾಸೋನ್ ಎಂಬ ಕೆಂಪುಹಳದಿ ಬಣ್ಣದ ವಸ್ತುವಿದೆ. ಅದು ಕೂದಲಿನ ಕೆರಟಿನ್ನಿಗೆ ಹತ್ತಿ ಕೂರುತ್ತದೆ. ಕರಿಯ ಕೂದಲಿನ ಮೇಲೆ ಅದು ಕೆಂಚು ಹೊಳಪಾಗಿ ಕಾಣುತ್ತದೆ. ಬಿಳಿಯ ಕೂದಲಿನ ಮೇಲೆ ಬೆಂಕಿಯಂತೆ ಕಾಣುತ್ತದೆ. ಬಿಳಿಯ ಕೂದಲೆಂದರೆ ಬಿಳಿಯ ಬಣ್ಣ ತುಂಬಿದ ಕೂದಲಲ್ಲ. ಕೂದಲಿನ ಬುಡದಲ್ಲಿ ಮೆಲನಿನ್ ತಯಾರಿಸುವ ಕಣಗಳು ಕೆಲಸ ನಿಲ್ಲಿಸಿದ್ದರಿಂದ ಬಣ್ಣವೇ ಇಲ್ಲದೆ ಬೆಳೆದ ಕೂದಲದು. ಖಾಲಿ ಹಾಳೆಯ ಮೇಲೆ ಯಾವ ಶಾಯಿ ಬಿದ್ದರೂ ಅದರದೇ ಬಣ್ಣ. ಇಲ್ಲಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಬರಿಯ ಮದರಂಗಿ ಎಂದಿಗೂ ಕಪ್ಪು ಕೊಡಲಾರದು. ಅರ್ಧ ಗಂಟೆಯಲ್ಲಿ ತಲೆಯನ್ನು ಕಾಡಿಗೆ ಮಾಡುವ ಪುಡಿಯಲ್ಲಿ ಮದರಂಗಿಯಲ್ಲದ್ದು ಏನೋ ಇದ್ದೇ ಇದೆ. ಜಾತ್ರೆಗಳಲ್ಲಿ ಮಕ್ಕಳ ಕೈಮೇಲೆ ಬಿಡಿಸುವ ಕರಿಯ ಮದರಂಗಿಯೂ ಇದಕ್ಕೆ ಹೊರತಲ್ಲ. ಎಳೆಯ ಚರ್ಮಕ್ಕೆ ಹೀಗೆ ಪಿಪಿಡಿಯ ಪರಿಚಯವಾದರೆ, ಮುಂದೆ ದೊಡ್ಡವರಾಗಿ ತಲೆಗೆ ಬಣ್ಣ ಹಚ್ಚಿದಾಗ ಮೈ ಕೆರಳುವ ಸಂಭವವಿದೆ.

ಮದುಮಗಳು ಅಜ್ಜಿಯ ತಲೆಯನ್ನು ಸರಿಪಡಿಸಲು ಪೇಟೆಯಿಂದ ಬಣ್ಣ ತೆಗೆಯುವ ಪುಡಿ ತರಿಸಿದ್ದಳು. ಅದನ್ನು ನಾನು ತಡೆದೆ. ಪೆರಾಕ್ಸೈಡಿನ ಬಲದಿಂದ ಬಣ್ಣ ಕಳೆಯುವ ಆ ಪುಡಿ ಮದರಂಗಿಯನ್ನು ಪೂರ್ತಿ ತೆಗೆಯಲಾರದು. ಕೂದಲನ್ನು ಮಾತ್ರ ಒಣಹುಲ್ಲು ಮಾಡುತ್ತದೆ. ಮೊದಲು ಹಚ್ಚಿದ ಪುಡಿಯಲ್ಲಿ ಲೋಹದ ಲವಣಗಳು ಬೆರೆತಿದ್ದರಂತೂ ಎರಡೂ ಸೇರಿ ಕೂದಲು ಬಿಸಿಯಾಗಿ ಮುರಿದು ಬೀಳುವುದುಂಟು. ಕೆಟ್ಟ ಬಣ್ಣದ ಮೇಲೆ ಇನ್ನೊಂದು ಬಣ್ಣ, ಅದರ ಮೇಲೆ ಮತ್ತೊಂದು ಎಂದು ಒಂದೇ ದಿನ ಹೊರಿಸುತ್ತ ಹೋಗುವುದು ಸಾಲ ತೀರಿಸಲು ಸಾಲ ಮಾಡಿದಂತೆ.

ಅಕ್ಕನಿಗೆ ಒದಗಿ ಬಂದದ್ದು ಹಳೆಯ ನೀಲಿ. ನಮ್ಮ ಕಡೆ ನೀಲಗಾರ ಎಂಬ ಅಡ್ಡಹೆಸರು ಇಂದಿಗೂ ಇದೆ. ನೂಲಿಗೆ ನೀಲಿ ಹಾಕುತ್ತಿದ್ದವರ ಮನೆತನಗಳವು. ಆ ನೀಲಿಗಿಡದ ಎಲೆಯ ಪುಡಿ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಮದರಂಗಿ ಹಚ್ಚಿ ತೊಳೆದ ಕೂದಲಿಗೆ ಅದನ್ನು ನೀರಿನಲ್ಲಿ ಕಲಸಿ ಹಚ್ಚಿದರೆ, ಕೆಂಪಿನ ಮೇಲೆ ನೀಲಿ ಕೂಡಿ ಕಂದು, ಒಮ್ಮೊಮ್ಮೆ ಕಪ್ಪೇ ಆಗುತ್ತದೆ. ಮದುವೆಯ ಹಿಂದಿನ ಸಂಜೆ, ಮೊದಲು ಒಂದು ಎಳೆಯ ಮೇಲೆ ನೋಡಿ, ಆಮೇಲೆ ತಲೆಗೆಲ್ಲ ಹಚ್ಚಿದರು. ತೊಳೆದಾಗ ಹಸಿರು ಛಾಯೆ ಕಾಣಿಸಿತು. ಅಕ್ಕ ಹೌಹಾರಿದಳು. ಕಡಾಯಿಯಿಂದ ಎತ್ತಿದ ನೂಲೂ ಮೊದಲು ಹಸಿರುಹಳದಿಯಾಗಿದ್ದು, ಗಾಳಿ ತಾಕಿದಂತೆ ನೀಲಿಗೆ ತಿರುಗುತ್ತದೆಂಬ ಮಾತನ್ನು ಅವಳಿಗೆ ನೆನಪಿಸಿ ಸಮಾಧಾನ ಹೇಳಿದೆ. ಮದುವೆಯ ಮುಹೂರ್ತದ ಹೊತ್ತಿಗೆ ಅವಳ ತಲೆ ಹುರಿದ ಕಾಫಿಬೀಜದ ಬಣ್ಣದಲ್ಲಿತ್ತು.

ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕಿ ಮದರಂಗಿಗೆ ಬೆರೆಸುವ ಪದ್ಧತಿಗೂ ಅರ್ಥವಿದೆ. ಒಗರಿನ ಟ್ಯಾನಿನ್ನೂ ಕಬ್ಬಿಣವೂ ಕೂಡಿದರೆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ನಮ್ಮ ಎಷ್ಟೋ ಹಳೆಯ ಬರಹ ಮತ್ತು ಅಜ್ಜಿಯರ ತಲೆ ಒಂದೇ ಶಾಯಿಯ ಬಂಧುಗಳೆಂದು ಅಂದು ನನಗೆ ಹೊಳೆದು ಖುಷಿಯಾಯಿತು.

ಹುಕ್ಕೇರಿಗೆ ಹೂವಿನ ಕೇರಿಯೆಂಬ ಹೆಸರಿತ್ತೆಂದು ಹೇಳುತ್ತಾರೆ. ಮದುವೆಯ ಮನೆಯೂ ಹೂವಿನಿಂದ ತುಂಬಿತ್ತು. ಬೆಳಗಿನ ಜಾವ ನೀರಿಗೆಂದು ಎದ್ದು ಹೋದಾಗ, ನಾನು ಮೊದಲು ಹೇಳಿದ ಕಾಗೆರೆಕ್ಕೆಯ ಹಿರಿಯರು ಬಚ್ಚಲಿನ ಬಳಿ ಕುಳಿತು, ಅಡುಗೆಮನೆಯ ಸ್ಟೀಲಿನ ಬಟ್ಟಲಿನಲ್ಲಿ ಬಣ್ಣ ಕಲಸಿಕೊಂಡು ಮೀಸೆಗೆ ಹಚ್ಚುತ್ತಿದ್ದರು. "ಬರ್ರಿ ಬೀಗರ, ಹುಬ್ಬಿಗೂ ಒಂದೀಟ ತಾಗಸಬೇಕಂತೀನಿ" ಎಂದರು. ನಾನು ರುಮಾಲು ಸರಿಸಿ ಹಣೆ ತೋರಿಸಿದೆ. ಅವರ ಕುಂಚ ಗಾಳಿಯಲ್ಲಿಯೇ ನಿಂತಿತು.

ಅವರಿಗೆ ಹೇಳಿದ ಕಥೆಯನ್ನು ಇಲ್ಲಿಯೂ ಹೇಳುತ್ತೇನೆ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ, ರೆಪ್ಪೆ-ಹುಬ್ಬುಗಳಿಗೆ ಹಚ್ಚುವ ಬಣ್ಣ ಮಾರಾಟಕ್ಕೆ ಬಂದಿತ್ತು. ಅದರಲ್ಲಿದ್ದುದು ಪಿಪಿಡಿಯ ಜಾತಿಯ ಬಣ್ಣವೇ. ಹಚ್ಚಿಸಿಕೊಂಡ ಹೆಂಗಸರಲ್ಲಿ ಕೆಲವರ ಕಣ್ಣು ಕೆಟ್ಟಿತು. ಕುರುಡಾದವರೂ ಇದ್ದರು, ಒಬ್ಬರು ತೀರಿಕೊಂಡರು. ಅದನ್ನು ಮಾರುಕಟ್ಟೆಯಿಂದ ತೆಗೆಸುವ ಅಧಿಕಾರ ಆಗಿನ ಸರಕಾರಕ್ಕೆ ಇರಲಿಲ್ಲ. 1938ರ ಹೊಸ ಕಾನೂನು ಬಂದ ಮೇಲೆಯೇ ಅದನ್ನು ವಶಪಡಿಸಿಕೊಳ್ಳಲಾಯಿತು. ಹುಬ್ಬಿಗೆ ಹಚ್ಚಬೇಡಿ ಎಂದು ನಮ್ಮ ಪೊಟ್ಟಣಗಳ ಮೇಲೆ ಇರಬೇಕಾದ ಆ ಒಂದು ಸಾಲಿನ ಹಿಂದೆ ಇಂಥ ಕಣ್ಣುಗಳಿವೆ.

ನಾವು ಮಾತಾಡುತ್ತಿರುವಾಗ ಎರಡು-ಮೂರು ವರ್ಷದ ಕೂಸೊಂದು ತೆವಳುತ್ತ ಬಂದು ಆ ಬಟ್ಟಲಿಗೆ ಕೈಹಾಕಿತ್ತು. ಹಾಲಿನ ಬಟ್ಟಲೂ ಅದೇ, ಬಣ್ಣದ ಬಟ್ಟಲೂ ಅದೇ, ಕೂಸಿಗೇನು ಗೊತ್ತು? ನಾನು ಕಸಿದುಕೊಂಡೆ. ಚರ್ಮಕ್ಕೆ ತಾಗಿದರೆ ನವೆ ತರುವ ಈ ವಸ್ತು ಹೊಟ್ಟೆಗೆ ಹೋದರೆ ವಿಷ. ಗಂಟಲು, ಕುತ್ತಿಗೆ ಬಾತು ಉಸಿರುಗಟ್ಟುತ್ತದೆ. ಸ್ನಾಯುಗಳು ಕರಗಿ, ಮೂತ್ರ ಕಪ್ಪಾಗಿ, ಮೂತ್ರಪಿಂಡಗಳು ಸೋಲುತ್ತವೆ. ಇದಕ್ಕೆ ಪ್ರತಿವಿಷವೆಂಬುದಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ, ಒಡನೆ ದೊಡ್ಡ ಆಸ್ಪತ್ರೆಗೆ ಒಯ್ದರೆ ಬದುಕುಂಟು. ಕೂಸಿನ ಕೈಯನ್ನು ನಾವಿಬ್ಬರೂ ಮುದುಕರು ಸೇರಿ ನಾಲ್ಕು ಸಲ ತೊಳೆದೆವು. ಬಟ್ಟಲನ್ನು ಬೀಗರು ಅಡುಗೆಮನೆಗೆ ಮರಳಿ ಕೊಡದೆ ಹಿತ್ತಲಿನ ಆಚೆಗೆ ಎಸೆದರು. ಮದುವೆಯ ಮನೆಯಲ್ಲಿ ಒಂದು ಬಟ್ಟಲು ಕಡಿಮೆಯಾದುದಕ್ಕೆ ಆಮೇಲೆ ಬಾಣಸಿಗರು ಗೊಣಗಿದ್ದನ್ನು ಕೇಳಿದೆ.

ಇನ್ನು ಮೇಲೆ ಪಿಪಿಡಿಯಿರುವ ಬಣ್ಣ ನನಗೆ ನಿಷಿದ್ಧ. ಅಮೋನಿಯಾ ಇಲ್ಲವೆಂದು ಸಾರುವ ಪೊಟ್ಟಣಗಳೂ ಇದಕ್ಕೆ ಹೊರತಲ್ಲ. ಅಮೋನಿಯಾ ಬೇರೆ, ಪಿಪಿಡಿ ಬೇರೆ. ಇದರ ರಾಸಾಯನಿಕ ಬಂಧುಗಳಾದ ಕೆಲವು ಮರಗಟ್ಟಿಸುವ ಔಷಧಿಗಳೂ ನನ್ನಂಥವರಿಗೆ ತೊಂದರೆ ಕೊಡಬಹುದಾದ್ದರಿಂದ, ಹಲ್ಲಿನ ವೈದ್ಯರಿಗೂ ಈ ವಿಷಯ ಮೊದಲೇ ಹೇಳಬೇಕಂತೆ. ಹಚ್ಚುವವರು ಹಚ್ಚಲಿ. ಪ್ರತಿ ಸಲವೂ ಎರಡು ದಿನ ಮುಂಚೆ ಪೊಟ್ಟಣದಲ್ಲಿ ಹೇಳಿದಂತೆ ಕಿವಿಯ ಹಿಂದೆಯೋ ಮೊಳಕೈಯ ಒಳಮೈಗೋ ಚೂರು ಸವರಿ, 48 ಗಂಟೆ ಕಾದು ನೋಡಲಿ. ಹಣೆಯ ಅಂಚಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಕಲೆ ಹತ್ತುವುದಿಲ್ಲ. ಹತ್ತಿದರೂ ಎಣ್ಣೆಯಲ್ಲಿ ಅದ್ದಿದ ಅರಳೆಯಿಂದ ಮೆಲ್ಲಗೆ ಒರಸಿ ಬಿಟ್ಟುಬಿಡಬೇಕು; ಚರ್ಮ ತನ್ನ ಮೇಲ್ಪದರವನ್ನು ತಾನೇ ಕೆಲವು ದಿನಗಳಲ್ಲಿ ಉದುರಿಸುತ್ತದೆ. ಬಣ್ಣ ಅತಿ ಕಪ್ಪಾಯಿತೆನಿಸಿದರೆ ನಾಲ್ಕಾರು ಸಲ ತಲೆ ತೊಳೆದಂತೆ ಸ್ವಲ್ಪ ಸಡಿಲುತ್ತದೆ.

ಮಿಕ್ಕಿದ್ದಕ್ಕೆ ಕತ್ತರಿಯೇ ಗತಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ನನ್ನ ತಲೆ ಎರಡು ತಿಂಗಳು ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪಾಗಿ, ಮಳೆಗಾಲದ ಆರಂಭದ ಘಟಪ್ರಭೆಯ ನೊರೆಯೂ ಕೆಸರೂ ಬೆರೆತಂತಿತ್ತು. ಪ್ರತಿ ತಿಂಗಳು ನಮ್ಮ ಓಣಿಯ ಕಟಿಂಗ್ ಅಂಗಡಿಯಲ್ಲಿ ಹೋಗಿ ಕುಳಿತೆ. ಐದನೆಯ ಸಲ ಅಂಗಡಿಯವನು ಕೊರಳಿನ ಅರಿವೆ ಕೊಡವಿ, "ಮಾಸ್ತರ, ಕರೇದು ಮುಗೀತ ನೋಡ್ರಿ" ಎಂದು ಹಿಂದಿನಿಂದ ಕೈಗನ್ನಡಿ ಹಿಡಿದ. ನೆಲದ ಮೇಲೆ ಬಿದ್ದಿದ್ದ ನಾಲ್ಕೆಂಟು ಕರಿಯ ತುದಿಗಳನ್ನು ಅವನ ಹುಡುಗ ಕಸಬರಿಗೆಯಿಂದ ಗುಡಿಸುತ್ತಿದ್ದ.